ಷಿಲ್ಲರ್‌ನ ಮೇಜಿನಲ್ಲಿ ಕೊಳೆತ ಸೇಬು

ಗೆಳೆಯನನ್ನು ಕಾಣಲೆಂದು ಹೋದರೆ ಗೆಳೆಯ ಮನೆಯಲ್ಲಿರಲಿಲ್ಲ. ಇನ್ನೇನು ಬಂದುಬಿಡುತ್ತಾರೆ ಎಂದು ಮನೆಯಾಕೆ ಹೇಳಿದರು. ಸುಮ್ಮನೆ ಕಾಯುವುದೇಕೆಂದು ಬಂದವನು ಗೆಳೆಯನ ಬರೆಯುವ ಮೇಜಿನ ಮುಂದೆ ಕುಳಿತು ಏನನ್ನೋ ಗುರುತು ಹಾಕಿಕೊಳ್ಳತೊಡಗಿದ. ಸ್ವಲ್ಪ ಹೊತ್ತಿಗೆ ಮೈಯಲ್ಲಿ ಏನೋ ಸರಿಯಿಲ್ಲ ಎನಿಸಿತು. ಆ ಸಂಕಟ ಹೆಚ್ಚುತ್ತಾ ಹೋಗಿ ತಲೆ ಸುತ್ತಿ ಬೀಳುವಂತಾಯಿತು. ಕಾರಣ ತಿಳಿಯದೆ ಅತ್ತಿತ್ತ ನೋಡಿದಾಗ ಪಕ್ಕದ ಡ್ರಾಯರಿನಿಂದ ಕೆಟ್ಟ ವಾಸನೆ ಬರುತ್ತಿರುವುದು ಗೊತ್ತಾಯಿತು. ಎಳೆದು ನೋಡಿದರೆ ಡ್ರಾಯರಿನ ತುಂಬ ಕೊಳೆತ ಸೇಬು!

ಹೀಗೆ ಬಂದು ಕುಳಿತವನು ಜರ್ಮನಿಯ ಮಹಾಕವಿ ಗಯಟೆ. ಮೇಜು ನಾಟಕಕಾರ ಫ್ರೀಡ್ರಿಕ್ ಷಿಲ್ಲರ್‌ನದು. ಗಯಟೆ ಕಿಟಕಿಯ ಬಳಿಗೆ ಓಡಿ ಹೊರಗಿನ ಗಾಳಿ ಎಳೆದುಕೊಂಡ ಮೇಲೆಯೇ ಚೇತರಿಸಿಕೊಂಡದ್ದು. ಅಷ್ಟರಲ್ಲಿ ಒಳಗೆ ಬಂದ ಷಿಲ್ಲರ್‌ನ ಪತ್ನಿ ಶಾರ್ಲೊಟ್ ವಿಷಯ ತಿಳಿಸಿದರು. ಆ ಡ್ರಾಯರಿನಲ್ಲಿ ಯಾವಾಗಲೂ ಕೊಳೆತ ಸೇಬು ಇರಲೇಬೇಕು, ಅದರ ವಾಸನೆ ಪತಿಗೆ ಹಿತ, ಅದಿಲ್ಲದೆ ಅವರು ಬದುಕಲಾರರು, ಬರೆಯಲಾರರು ಎಂದರು.

ಇದು ಯಾರೋ ಕಟ್ಟಿದ ಕತೆಯಲ್ಲ. 1827ರ ಅಕ್ಟೋಬರ್ 7ರಂದು, ತನ್ನ 78ನೆಯ ವಯಸ್ಸಿನಲ್ಲಿ, ಗಯಟೆಯೇ ಒಡನಾಡಿ ಎಕರ್‌ಮನ್‌ಗೆ ಹೇಳಿದ ಪ್ರಸಂಗ. ಎಕರ್‌ಮನ್ ಬರೆದಿಟ್ಟ ಸಂಭಾಷಣೆಗಳ ಪುಸ್ತಕದಲ್ಲಿ ಅದು ಉಳಿದುಬಂದಿದೆ. ಷಿಲ್ಲರ್ ತೀರಿಕೊಂಡು ಆಗ 22 ವರ್ಷವಾಗಿತ್ತು. ಅವನಿಗೆ ಹಿತವಾಗಿದ್ದ ಗಾಳಿ ತನಗೆ ವಿಷದಂತಾಯಿತು ಎಂಬುದು ಮುದುಕ ಗಯಟೆ ಆ ಪ್ರಸಂಗದಿಂದ ತೆಗೆದ ತಾತ್ಪರ್ಯ.

ನಮಗೆ ಇದು ವಿಚಿತ್ರ ಎನಿಸಬಹುದು. ಆದರೆ ಓದಲು ಬರೆಯಲು ಕೂರುವ ಮುನ್ನ ಊದುಬತ್ತಿ ಹಚ್ಚುವವರು ನಮ್ಮಲ್ಲಿ ಕಡಿಮೆಯೇ? ಪರೀಕ್ಷೆಯ ದಿನಗಳಲ್ಲಿ ಬೆಳಗಿನ ಜಾವ ಪುಸ್ತಕ ತೆರೆಯುವ ಮಕ್ಕಳ ಮೇಜಿನ ಮೂಲೆಯಲ್ಲಿ ಊದುಬತ್ತಿ ಸಿಕ್ಕಿಸುವ ತಾಯಂದಿರು ಎಷ್ಟು ಮಂದಿ! ಕೆಲವರಿಗೆ ಕಾಫಿಯ ಘಮ ಮೂಗಿಗೆ ಬಡಿಯದೆ ಪೆನ್ನು ಓಡುವುದಿಲ್ಲ. ಪತ್ರಿಕಾ ಕಚೇರಿಯಲ್ಲಂತೂ ಇದು ದಿನವೂ ಕಾಣುವ ದೃಶ್ಯ. ಪರಿಮಳವೋ ದುರ್ವಾಸನೆಯೋ, ಬರವಣಿಗೆಗೂ ಮೂಗಿಗೂ ಏನೋ ನಂಟಿದೆ. ಆ ನಂಟು ಬಂದದ್ದು ಎಲ್ಲಿಂದ?

ಇತಿಹಾಸದಲ್ಲಿ ಹುಡುಕಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಬರೆಯುವವರ ಕೋಣೆಗೆ ವಾಸನೆ ಪ್ರವೇಶಿಸಿದ್ದು ಹೆಚ್ಚಾಗಿ ಸ್ಫೂರ್ತಿಗಾಗಿ ಅಲ್ಲ, ಬೇರೆ ಯಾವುದೋ ಕೆಲಸಕ್ಕಾಗಿ. ಹುಳು ಓಡಿಸಲು, ದುರ್ನಾತ ಮುಚ್ಚಲು, ಹೊತ್ತು ಅಳೆಯಲು, ಉಸಿರು ಉಳಿಸಿಕೊಳ್ಳಲು ಅದು ಬಂತು. ಬಂದದ್ದು ನಂತರ ಅಭ್ಯಾಸವಾಗಿ ಕೂತುಬಿಟ್ಟಿತು.

ಗರಿಗೆ ಹಚ್ಚಿದ ಎಣ್ಣೆ

ನಮ್ಮ ತಾಳೆಗರಿಯನ್ನೇ ನೋಡಿ. ಒಣಗಿಸಿ ಹದಮಾಡಿದ ಗರಿಯ ಮೇಲೆ ಲಿಪಿಕಾರ ಕಂಠದಿಂದ ಅಕ್ಷರ ಕೊರೆಯುತ್ತಿದ್ದ. ಕೊರೆದ ಗೀರಿನಲ್ಲಿ ಕಾಡಿಗೆ ತುಂಬಿ ಒರೆಸಿದರೆ ಅಕ್ಷರ ಎದ್ದು ಕಾಣುತ್ತಿತ್ತು. ಗರಿಗೆ ಇಬ್ಬರು ಶತ್ರುಗಳು. ಒಂದು ಒಣಗಿ ಸಿಡಿಯುವುದು, ಇನ್ನೊಂದು ಹುಳು. ಎರಡಕ್ಕೂ ಮದ್ದು ಎಣ್ಣೆ. ನಿಂಬೆಹುಲ್ಲು, ಅಂದರೆ ನಮ್ಮ ಹಿತ್ತಲಿನ ಮಜ್ಜಿಗೆ ಹುಲ್ಲಿನ ಎಣ್ಣೆ ಮತ್ತು ಅದೇ ಜಾತಿಯ ಸಿಟ್ರೊನೆಲ್ಲಾ ಎಣ್ಣೆ ಇದಕ್ಕೆ ಹೆಸರುವಾಸಿ. ಗರಿ ಮೆದುವಾಗಿ ಬಾಗುತ್ತದೆ, ಆ ಘಾಟಿಗೆ ಹುಳು ಹತ್ತಿರ ಬರುವುದಿಲ್ಲ. ತಂಜಾವೂರಿನ ಸರಸ್ವತಿ ಮಹಲ್ ಗ್ರಂಥಾಲಯದಲ್ಲಿ ಬಜೆ, ಲವಂಗ, ಚಕ್ಕೆ, ಮೆಣಸು, ಕರ್ಪೂರಗಳನ್ನು ಪುಡಿಮಾಡಿ ಪೊಟ್ಟಣ ಕಟ್ಟಿ ಗ್ರಂಥಗಳ ನಡುವೆ ಇಡುವ ಪದ್ಧತಿ ಬೆಳೆದುಬಂದಿದೆ. ಅಡುಗೆಮನೆಯ ಸಾಂಬಾರ ಡಬ್ಬಿಯೇ ಗ್ರಂಥಗಳ ಕಾವಲಿಗೆ ನಿಂತಂತೆ!

ಈ ಕಾವಲು ಎಷ್ಟು ಮುಖ್ಯ ಎನ್ನಲು ಮೈಸೂರಿನ ಉದಾಹರಣೆಯೇ ಸಾಕು. 1891ರಲ್ಲಿ ಆರಂಭವಾದ ಅಲ್ಲಿನ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ತಾಳೆಗರಿಯ ಕಟ್ಟೊಂದನ್ನು 1905ರಲ್ಲಿ ಗ್ರಂಥಪಾಲಕ ಆರ್. ಶಾಮಶಾಸ್ತ್ರಿಗಳು ಗುರುತಿಸಿದರು. ಅದು ಕೌಟಿಲ್ಯನ ಅರ್ಥಶಾಸ್ತ್ರ. ಹೆಸರಷ್ಟೇ ಉಳಿದು ಮೂಲ ಕಣ್ಮರೆಯಾಗಿದೆ ಎಂದು ವಿದ್ವಾಂಸರು ತಿಳಿದಿದ್ದ ಕೃತಿ 1909ರಲ್ಲಿ ಅಚ್ಚಾಯಿತು. ಆ ಕಟ್ಟನ್ನು ಹುಳು ತಿಂದಿದ್ದರೆ ನಮ್ಮ ಪ್ರಾಚೀನ ರಾಜನೀತಿಯ ಚರಿತ್ರೆಯೇ ಬೇರೆ ಬಗೆಯಲ್ಲಿ ಬರೆಯಲ್ಪಡುತ್ತಿತ್ತು.

ಎಣ್ಣೆ ಹಚ್ಚಿದ ಗರಿಯ ಕಟ್ಟನ್ನು ಬಿಚ್ಚಿದಾಗ ಮೊದಲು ಎದುರಾಗುವುದು ಅಕ್ಷರವಲ್ಲ, ಘಮ. ಹಳೆಯ ಕಾಲದ ಓದುಗನಿಗೂ ಲಿಪಿಕಾರನಿಗೂ ಇನ್ನು ಕೆಲಸ ಶುರು ಎಂದು ಹೇಳಲು ಅದೇ ಸಾಕಾಗಿದ್ದೀತು.

ಕಸ್ತೂರಿ ಬೆರೆತ ಮಸಿ

ಚೀನಾದಲ್ಲಿ ವಾಸನೆ ಮಸಿಯೊಳಗೇ ಸೇರಿತು. ಅಲ್ಲಿನ ಮಸಿ ದ್ರವವಲ್ಲ, ಗಟ್ಟಿ ಕಡ್ಡಿ. ಪೈನ್ ಮರದ ಅಥವಾ ಎಣ್ಣೆ ದೀಪದ ಕಾಡಿಗೆಗೆ ಪ್ರಾಣಿಗಳ ಚರ್ಮ, ಮೂಳೆಗಳಿಂದ ಕುದಿಸಿ ತೆಗೆದ ಅಂಟು ಬೆರೆಸಿ, ಕುಟ್ಟಿ, ಅಚ್ಚಿಗೆ ಹಾಕಿ ಒಣಗಿಸಬೇಕು. ಈ ಅಂಟಿನ ನಾತ ಕೆಟ್ಟದು, ಬೇಗ ಕೊಳೆಯುವುದೂ ಹೌದು. ಅದಕ್ಕಾಗಿ ಕಸ್ತೂರಿ, ಲವಂಗ, ಕರ್ಪೂರ ಸೇರಿಸಿದರು. 6ನೆಯ ಶತಮಾನದಲ್ಲಿ ಜಿಯಾ ಸಿಶಿಯೆ ಬರೆದ ಕೃಷಿ ಗ್ರಂಥವೊಂದರಲ್ಲಿ ಕೊಟ್ಟಿರುವ ಮಸಿಯ ಪಾಕದಲ್ಲೇ ಕಸ್ತೂರಿ ಇದೆ.

ಬರೆಯಲು ಕೂರುವವನು ಕಲ್ಲಿನ ಮೇಲೆ ನಾಲ್ಕು ಹನಿ ನೀರು ಹಾಕಿ, ಮಸಿಕಡ್ಡಿಯನ್ನು ನಿಧಾನವಾಗಿ ಸುತ್ತಿಸುತ್ತಾ ತೇಯಬೇಕು. ನಾವು ಗಂಧ ತೇಯುವ ಹಾಗೆಯೇ. ತೇಯುತ್ತಿದ್ದಂತೆ ಪರಿಮಳ ಏಳುತ್ತದೆ. ಕೈಗೆ ಒಂದೇ ಲಯದ ಕೆಲಸ, ಮೂಗಿಗೆ ಪರಿಚಿತ ವಾಸನೆ. ಮಸಿ ಹದಕ್ಕೆ ಬರುವಷ್ಟರಲ್ಲಿ ಮನಸ್ಸೂ ಹದಕ್ಕೆ ಬಂದಿರುತ್ತಿತ್ತು. ಅಂಟಿನ ನಾತ ಮುಚ್ಚಲು ಬಂದ ಕಸ್ತೂರಿ ಬರವಣಿಗೆಯ ನಾಂದಿಯಾದದ್ದು ಹೀಗೆ.

ಚೀನಾದ ಪುಸ್ತಕ ಭಂಡಾರಗಳಲ್ಲೂ ಹುಳುಗಳಿಗೆ ಪರಿಮಳದ ಸೊಪ್ಪನ್ನೇ ಇಡುತ್ತಿದ್ದರು. 1561ರಲ್ಲಿ ನಿರ್ಮಾಣ ಆರಂಭವಾಗಿ ಇಂದಿಗೂ ಉಳಿದಿರುವ ನಿಂಗ್‌ಬೋ ನಗರದ ಥಿಯೆನ್‌ಯಿ ಗ್ರಂಥಭಂಡಾರ ಇದಕ್ಕೆ ಪ್ರಸಿದ್ಧ. ಸಾಂಗ್ ರಾಜವಂಶದ ಕಾಲಕ್ಕೆ (960-1279) ಧೂಪವಂತೂ ವಿದ್ವಾಂಸನ ಕೋಣೆಯ ಖಾಯಂ ಸದಸ್ಯ. ಆ ಕಾಲದ ಹೆಸರಾಂತ ಕವಿ, ಸುಂದರ ಬರಹಗಾರ ಹುವಾಂಗ್ ತಿಂಗ್‌ಚಿಯನ್ (1045-1105) ತನಗೆ ಧೂಪದ ಹುಚ್ಚಿದೆ ಎಂದು ತಾನೇ ಹೇಳಿಕೊಂಡವನು. ಗೆಳೆಯನೊಬ್ಬ ಒಳ್ಳೆಯ ಧೂಪ ಕಳಿಸಿ ಪ್ರತಿಯಾಗಿ ಕವಿತೆ ಕೇಳಿದಾಗ ಹತ್ತು ಕವಿತೆ ಬರೆದುಕೊಟ್ಟ. ಅವನ ಕೈಬರಹದಲ್ಲಿರುವ ಧೂಪದ ಪಾಕವೊಂದು ತೈಪೆಯ ವಸ್ತುಸಂಗ್ರಹಾಲಯದಲ್ಲಿ ಈಗಲೂ ಇದೆ.

ಈ ಧೂಪಕ್ಕೂ ಇನ್ನೊಂದು ಕೆಲಸವಿತ್ತು. ಪರಿಮಳದ ಪುಡಿಯನ್ನು ರಂಗೋಲಿಯ ಎಳೆಯಂತೆ ಒಂದೇ ಗೆರೆಯಲ್ಲಿ ಸುತ್ತಿಸಿ ಹಾಕಿ ಒಂದು ತುದಿಗೆ ಬೆಂಕಿ ತಾಗಿಸಿದರೆ ಅದು ಒಂದೇ ವೇಗದಲ್ಲಿ ಉರಿಯುತ್ತಾ ಹೋಗುತ್ತದೆ. ಎಲ್ಲಿಗೆ ಬಂತು ಎಂದು ನೋಡಿ ಹೊತ್ತು ತಿಳಿಯಬಹುದು. ಇಂದು ಗಡಿಯಾರ ನೋಡಿ ಒಂದು ಗಂಟೆ ಬರೆಯುತ್ತೇನೆ ಎನ್ನುವ ಲೇಖಕನಂತೆ, ಆಗಿನವನು ಒಂದು ಧೂಪ ಆರುವ ತನಕ ಬರೆಯುತ್ತೇನೆ ಎನ್ನಬಹುದಿತ್ತು.

ದತ್ತೂರದ ಹೊಗೆ

ಇನ್ನು ಪ್ಯಾರಿಸ್ಸಿಗೆ ಬರೋಣ. ಸಾಹಿತ್ಯ ಮತ್ತು ವಾಸನೆ ಎಂದೊಡನೆ ನೆನಪಾಗುವ ಹೆಸರು ಮಾರ್ಸೆಲ್ ಪ್ರೂಸ್ತ್ (1871-1922). ಚಹಾದಲ್ಲಿ ಅದ್ದಿದ ಸಣ್ಣ ಕೇಕಿನ ರುಚಿ, ವಾಸನೆಯಿಂದ ಬಾಲ್ಯದ ಊರೇ ಮರಳಿ ಎದ್ದುಬರುವ ಅವನ ಕಾದಂಬರಿಯ ಪ್ರಸಂಗ ಜಗತ್ಪ್ರಸಿದ್ಧ. ಅದರ ಮೊದಲ ಸಂಪುಟ ಪ್ರಕಟವಾದದ್ದು 1913ರಲ್ಲಿ. ವಿಪರ್ಯಾಸವೆಂದರೆ ಅದನ್ನು ಬರೆದ ಕೋಣೆಗೆ ಹೂವಿಗೂ ಅತ್ತರಿಗೂ ಪ್ರವೇಶವಿರಲಿಲ್ಲ. ಚಿಕ್ಕಂದಿನಿಂದ ಉಬ್ಬಸದಿಂದ ನರಳುತ್ತಿದ್ದ ಪ್ರೂಸ್ತ್ ಪರಿಮಳಕ್ಕೆ ಹೆದರುತ್ತಿದ್ದ. ಗದ್ದಲ ತಡೆಯಲು 1910ರಲ್ಲಿ ಗೋಡೆಗೆ ಕಾರ್ಕ್ ಹೊದಿಸಿದ. ಕಿಟಕಿ ಮುಚ್ಚಿಸಿ, ಹಾಸಿಗೆಯಲ್ಲೇ ಒರಗಿ, ರಾತ್ರಿಯಿಡೀ ಬರೆಯುತ್ತಿದ್ದ.

ಆ ಕೋಣೆಯಲ್ಲಿ ತುಂಬಿರುತ್ತಿದ್ದ ವಾಸನೆ ಒಂದೇ. ಅದು ಉಬ್ಬಸಕ್ಕೆಂದು ಸುಡುತ್ತಿದ್ದ ಔಷಧದ ಪುಡಿಯ ದಟ್ಟ ಹೊಗೆ. ಅವನ ಮನೆವಾರ್ತೆ ನೋಡಿಕೊಳ್ಳುತ್ತಿದ್ದ ಸೆಲೆಸ್ತ್ ಅಲ್ಬಾರೆ 1973ರಲ್ಲಿ ಪ್ರಕಟವಾದ ನೆನಪುಗಳಲ್ಲಿ ಇದನ್ನು ವಿವರಿಸಿದ್ದಾರೆ. ಬೆಂಕಿಕಡ್ಡಿಯ ಗಂಧಕದ ವಾಸನೆಯೂ ಆಗದ ಕಾರಣ ಪುಡಿಗೆ ಬೆಂಕಿ ತಾಗಿಸಲು ಮೇಣದ ಬತ್ತಿಯೊಂದು ಸದಾ ಉರಿಯುತ್ತಿರಬೇಕಿತ್ತು.

ಆ ಬಗೆಯ ಪುಡಿಗಳಲ್ಲಿ ಇರುತ್ತಿದ್ದ ಮುಖ್ಯ ವಸ್ತು ದತ್ತೂರದ ಜಾತಿಯ ಗಿಡದ ಎಲೆ. ಯೂರೋಪಿಗೆ ಈ ಚಿಕಿತ್ಸೆ ತಲುಪಿದ್ದು ದಕ್ಷಿಣ ಭಾರತದಿಂದ. ಮದರಾಸಿನಲ್ಲಿದ್ದ ಈಸ್ಟ್ ಇಂಡಿಯಾ ಕಂಪೆನಿಯ ವೈದ್ಯ ಜೇಮ್ಸ್ ಆಂಡರ್ಸನ್ ಇಲ್ಲಿನ ಪದ್ಧತಿಯನ್ನು ಕಂಡು ಜನರಲ್ ಜೆಂಟ್ ಎಂಬಾತನಿಗೆ ತಿಳಿಸಿದ. ಆತ 1802ರಲ್ಲಿ ಅದನ್ನು ಬ್ರಿಟನ್ನಿಗೆ ಒಯ್ದ. ದತ್ತೂರದ ಸತ್ವ ಶ್ವಾಸನಾಳಗಳನ್ನು ಸಡಿಲಿಸುವುದು ನಿಜ. ಆದರೆ ಅದು ಘೋರ ವಿಷವೂ ಹೌದು, ಯಾರೂ ಪ್ರಯೋಗ ಮಾಡಬಾರದು. ಶಿವನಿಗೆ ನಾವು ಏರಿಸುವ ಹೂವಿನ ಬಂಧುವೊಂದು ಶತಮಾನದ ನಂತರ ಫ್ರೆಂಚ್ ಕಾದಂಬರಿಕಾರನ ಕೋಣೆಯಲ್ಲಿ ಹೊಗೆಯಾಡಿತು! ಅಲ್ಲಿಯೂ ಅದು ಬಂದದ್ದು ಸ್ಫೂರ್ತಿಗಲ್ಲ, ಉಸಿರಿಗೆ.

ಮೂಗಿನ ದಾರಿ ಹತ್ತಿರ

ಹಾಗಾದರೆ ಷಿಲ್ಲರ್‌ನ ಸೇಬು? ಅದು ಹುಳು ಓಡಿಸಲಿಲ್ಲ, ಹೊತ್ತು ಹೇಳಲಿಲ್ಲ. 1791ರಲ್ಲಿ ಬಂದ ಕಾಯಿಲೆಯಿಂದ ಷಿಲ್ಲರ್ ಎಂದೂ ಪೂರ್ತಿ ಚೇತರಿಸಿಕೊಳ್ಳಲಿಲ್ಲ. 1805ರಲ್ಲಿ, ಕೇವಲ 45ನೆಯ ವಯಸ್ಸಿನಲ್ಲಿ ಅವನು ತೀರಿಕೊಂಡಾಗ ದೇಹವನ್ನು ಪರೀಕ್ಷಿಸಿದ ವೈದ್ಯರು, ಶ್ವಾಸಕೋಶದ ಸ್ಥಿತಿ ಕಂಡು ಇಷ್ಟು ದಿನ ಬದುಕಿದ್ದೇ ಅಚ್ಚರಿ ಎಂದರು. ಆ ಹದಿನಾಲ್ಕು ವರ್ಷಗಳಲ್ಲೇ ಅವನು ‘ವಾಲೆನ್‌ಸ್ಟೈನ್’ ನಾಟಕತ್ರಯವನ್ನೂ ‘ವಿಲ್ಹೆಲ್ಮ್ ಟೆಲ್’ ನಾಟಕವನ್ನೂ ಬರೆದು ಮುಗಿಸಿದ. ದಿನವೂ ಕೈಕೊಡುವ ದೇಹವನ್ನು ದಿನವೂ ಮೇಜಿಗೆ ಎಳೆದು ತರಬೇಕಿದ್ದ ಮನುಷ್ಯ ಅವನು. ಅಂಥವನಿಗೆ ಕರೆಗಂಟೆಯೊಂದು ಬೇಕಿದ್ದರೆ ಆಶ್ಚರ್ಯವೇನು?

ವಾಸನೆ ಕರೆಗಂಟೆಯಾಗಬಲ್ಲದು ಎನ್ನುವುದಕ್ಕೆ ವಿಜ್ಞಾನದ ಆಧಾರವಿದೆ. ಕಂಡದ್ದು, ಕೇಳಿದ್ದು ಮಿದುಳಿನ ನಡುವಿನ ಒಂದು ಕೇಂದ್ರದ ಮೂಲಕ ಹಾದು ಮುಂದಕ್ಕೆ ಹೋಗಬೇಕು. ವಾಸನೆ ಆ ಕೇಂದ್ರಕ್ಕೆ ಕಾಯದೆ ಭಾವನೆ ಮತ್ತು ನೆನಪಿನ ಭಾಗಗಳಿಗೆ ಹೆಚ್ಚು ನೇರವಾಗಿ ತಲುಪುತ್ತದೆ. ವಾಸನೆಯನ್ನು ಹಿಡಿಯುವ ಗ್ರಾಹಕಗಳ ದೊಡ್ಡ ಕುಟುಂಬವನ್ನು 1991ರಲ್ಲಿ ಪತ್ತೆಮಾಡಿದ ಅಮೆರಿಕದ ರಿಚರ್ಡ್ ಆಕ್ಸೆಲ್ ಮತ್ತು ಲಿಂಡಾ ಬಕ್ ಅವರಿಗೆ 2004ರ ನೊಬೆಲ್ ಪ್ರಶಸ್ತಿ ಬಂತು. ಒಂದು ಕೆಲಸದ ಜೊತೆಗೆ ಒಂದೇ ವಾಸನೆ ಮತ್ತೆ ಮತ್ತೆ ಸೇರಿದರೆ, ಆಮೇಲೆ ಆ ವಾಸನೆ ಬಂದೊಡನೆ ಮನಸ್ಸು ಆ ಕೆಲಸದ ಕಡೆಗೆ ತಿರುಗುವುದು ಸಹಜ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಮೂಗು ಬೇಗ ದಣಿಯುತ್ತದೆ. ಹೂವಿನ ಅಂಗಡಿಯವನಿಗೆ ಮಲ್ಲಿಗೆಯ ಘಮ ತಿಳಿಯುವುದಿಲ್ಲ. ಒಂದೇ ವಾಸನೆಯಲ್ಲಿ ಕೆಲವು ನಿಮಿಷ ಕೂತರೆ ಅದು ಇದೆಯೆಂಬುದೇ ಮರೆತುಹೋಗುತ್ತದೆ. ಎಂದರೆ ಬರೆಯುವ ಉದ್ದಕ್ಕೂ ಪರಿಮಳ ಲೇಖಕನ ಕೈಹಿಡಿದು ನಡೆಸುವುದಿಲ್ಲ. ಅದು ಹೊಸ್ತಿಲು ದಾಟಿಸುತ್ತದೆ, ಅಷ್ಟೆ. ಮುಂದಿನದು ಅವನ ಪಾಡು. ಷಿಲ್ಲರ್ ನಾಟಕ ಬರೆದದ್ದು ಸೇಬಿನಿಂದಲ್ಲ. ಅದೇ ಸೇಬು, ಅದೇ ಕುರ್ಚಿ, ಅವನಷ್ಟೇ ಪ್ರತಿಭೆಯ ಗಯಟೆಗೆ ಕೊಟ್ಟದ್ದು ತಲೆಸುತ್ತು ಮಾತ್ರ.

ಆದ್ದರಿಂದ ದೊಡ್ಡವರ ಅಭ್ಯಾಸವನ್ನು ಹಾಗೆಯೇ ಎತ್ತಿಕೊಳ್ಳುವುದರಲ್ಲಿ ಅರ್ಥವಿಲ್ಲ. ಏಕಾಗ್ರತೆಗೆ ಇಂಥದೇ ಪರಿಮಳ ಎಂದು ಮಾರುವ ಸೀಸೆ, ಬತ್ತಿಗಳ ವಿಷಯದಲ್ಲೂ ಇದೇ ಮಾತು. ಕೆಲಸ ಮಾಡುವುದು ಪರಿಮಳದ ಹೆಸರಲ್ಲ, ಅದರ ಜೊತೆ ನಾವು ಕೂಡಿಸಿದ ದಿನಗಳ ಲೆಕ್ಕ. ನಿತ್ಯ ಅದೇ ಹೊತ್ತಿಗೆ ಕೂರುವವರಿಗೆ ಕಾಫಿಯ ಘಮವೂ ಸಾಕು, ಹೊಸ ನೋಟುಪುಸ್ತಕದ ವಾಸನೆಯೂ ಸಾಕು. ಕೂರದವರಿಗೆ ಕಸ್ತೂರಿಯೂ ಸಾಲದು.

ಮನೆಯಲ್ಲಿ ನಮ್ಮೊಡನೆ ಉಸಿರಾಡುವವರ ವಿಚಾರವೂ ಇದೆ. ಶಾರ್ಲೊಟ್ ಆ ಡ್ರಾಯರನ್ನು ಸಹಿಸಿಕೊಂಡರು, ಸೆಲೆಸ್ತ್ ಆ ಹೊಗೆಯನ್ನು ಸಹಿಸಿಕೊಂಡರು. ಮುಚ್ಚಿದ ಕೋಣೆಯಲ್ಲಿ ಉರಿಯುವ ಊದುಬತ್ತಿಯ ಹೊಗೆಯಲ್ಲಿ ಶ್ವಾಸಕೋಶಕ್ಕೆ ಇಳಿಯುವ ನುಣ್ಣನೆಯ ಕಣಗಳಿರುತ್ತವೆ. ಉಬ್ಬಸವಿರುವ ಮಕ್ಕಳು ಮುದುಕರು ಪಕ್ಕದ ಕೋಣೆಯಲ್ಲಿದ್ದರೂ ಅದು ತಟ್ಟುತ್ತದೆ. ಹಚ್ಚಲೇಬೇಕೆನ್ನುವವರು ಗಯಟೆ ಅಂದು ಮಾಡಿದ್ದನ್ನು ಮೊದಲೇ ಮಾಡುವುದು ಒಳ್ಳೆಯದು. ಕಿಟಕಿ ತೆರೆದಿಟ್ಟು ಬರೆಯಲು ಕೂರಲಿ.