ಗೋದಲಿಗೆ ಬಂದ ಹಕ್ಕಿಗಳು

ಇನ್ನೂರು ವರ್ಷಗಳ ಹಿಂದಿನ ಇಂಗ್ಲೆಂಡಿನಲ್ಲಿ ಹಕ್ಕಿಯನ್ನು ಬಲ್ಲವರೆಂದರೆ ಬಹುಮಟ್ಟಿಗೆ ಅದನ್ನು ಗುಂಡಿಟ್ಟು ಕೆಡವಿದವರು. ಚಿತ್ರಕಾರರ ಮುಂದಿರುತ್ತಿದ್ದುದೂ ಹೆಚ್ಚಾಗಿ ಸತ್ತ ಹಕ್ಕಿ, ಇಲ್ಲವೇ ಒಣಗಿಸಿ ತುಂಬಿಟ್ಟ ಚರ್ಮ. ಶ್ರಾಪ್‌ಶೈರಿನ ವೆಸ್ಟ್ ಫೆಲ್ಟನ್ ಹಳ್ಳಿಯ ಕವಿ ಜಾನ್ ಡೋವಾಸ್ಟನ್ ಬೇರೆ ದಾರಿ ಹಿಡಿದ. 1820ರ ದಶಕದಲ್ಲಿ ದನಗಳ ಹಳೆಯ ಗೋದಲಿಯೊಂದಕ್ಕೆ ಹಕ್ಕಿ ಕೂರಲು ಕಡ್ಡಿಗಳನ್ನು ಜೋಡಿಸಿ ತಿನಿಸಿಟ್ಟ. ಗ್ರೀಕ್ ಮಾತುಗಳನ್ನು ಕೂಡಿಸಿ ಅದನ್ನು ‘ಆರ್ನಿಥೊಟ್ರೋಫ್’ ಎಂದು ಕರೆದ. ಹಕ್ಕಿಗೆ ಉಣಿಸುವಂಥದ್ದು ಎಂದರ್ಥ. ಹಿಮ ನೆಲ ಮುಚ್ಚಿದಾಗ ಕಾಳೂ ಇಲ್ಲ, ಹುಳುವೂ ಇಲ್ಲ. ಹಸಿದ ಹಕ್ಕಿಗಳು ತಾವಾಗಿಯೇ ಬಂದವು. ಅವನು ಗುರುತಿಸಿದ ಜಾತಿಗಳು 20ಕ್ಕೂ ಹೆಚ್ಚು.

ಹೊಸ ಭತ್ತದ ತೆನೆಯನ್ನು ಬಾಗಿಲಿಗೆ ಕಟ್ಟಿ, ಗುಬ್ಬಿ ಬಂದು ಕುಕ್ಕಿದರೆ ಸುಮ್ಮನಿರುವ ನಮ್ಮವರಿಗೆ ಹಕ್ಕಿಯೊಡನೆ ಕಾಳು ಹಂಚಿಕೊಳ್ಳುವುದು ಹೊಸದಲ್ಲ. ಡೋವಾಸ್ಟನ್ನನ ಗೋದಲಿ ತೋರಿಸಿದ್ದು ಇನ್ನೊಂದನ್ನು: ಹಕ್ಕಿಯನ್ನು ಅರಿಯಲು ಕೋವಿ ಬೇಕಿಲ್ಲ, ಹಿಡಿ ಕಾಳು ಮತ್ತು ತಾಳ್ಮೆ ಸಾಕು.