ವೀಟೊಗೆ ಮೂಗುದಾರ

ರಾಯಚೂರು ಜಿಲ್ಲೆಯ ಸಿಂಧನೂರಿನ ಸುತ್ತಮುತ್ತ ಇರುವ ಪುನರ್ವಸತಿ ಕ್ಯಾಂಪುಗಳಲ್ಲಿ ಮನೆಮಾತು ಬಂಗಾಳಿ. ಪೂರ್ವ ಪಾಕಿಸ್ತಾನದಲ್ಲಿ ಬದುಕಲಾಗದೆ ಗಡಿ ದಾಟಿ ಬಂದ ಕುಟುಂಬಗಳನ್ನು ಐದು ದಶಕಗಳಿಗೂ ಹಿಂದೆ ಸರ್ಕಾರ ಇಲ್ಲಿ ನೆಲೆಗೊಳಿಸಿತು. ಅವರು ಬಿಟ್ಟುಬಂದ ನಾಡಿನಲ್ಲಿ 1971ರಲ್ಲಿ ಸಾಮೂಹಿಕ ಹತ್ಯೆ ನಡೆದಾಗ, ಜಗತ್ತಿನ ಶಾಂತಿ ಕಾಯಬೇಕಾದ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಏನು ಮಾಡುತ್ತಿತ್ತು? ಇದಕ್ಕೆ ಉತ್ತರ ಹುಡುಕಹೊರಟರೆ ‘ವೀಟೊ’ ಎಂಬ ಪದ ಎದುರಾಗುತ್ತದೆ.

ವೀಟೊ ಎಂದರೆ ತಡೆಯುವ ಅಧಿಕಾರ. 1945ರಲ್ಲಿ ಸಾನ್‌ಫ್ರಾನ್ಸಿಸ್ಕೊದಲ್ಲಿ ವಿಶ್ವಸಂಸ್ಥೆಯ ಸನ್ನದು ರೂಪುಗೊಂಡಾಗ ಅಮೆರಿಕ, ಸೋವಿಯತ್ ಒಕ್ಕೂಟ, ಬ್ರಿಟನ್, ಫ್ರಾನ್ಸ್ ಮತ್ತು ಚೀನಾ ಇದನ್ನು ತಮಗಾಗಿ ಇಟ್ಟುಕೊಂಡವು. ಈ ಐವರಲ್ಲಿ ಒಬ್ಬರು ‘ಬೇಡ’ ಎಂದರೂ ಸಾಕು, ಉಳಿದವರೆಲ್ಲ ಒಪ್ಪಿದ ಗೊತ್ತುವಳಿಯೂ ಬಿದ್ದುಹೋಗುತ್ತದೆ. ಆಸ್ಟ್ರೇಲಿಯಾದಂಥ ದೇಶಗಳು ಅಂದೇ ಇದನ್ನು ವಿರೋಧಿಸಿದವು. ಆದರೆ ವೀಟೊ ಇಲ್ಲದೆ ದೊಡ್ಡ ರಾಷ್ಟ್ರಗಳು ಒಳಗೆ ಬರುತ್ತಿರಲಿಲ್ಲ.

ಈ ಅಧಿಕಾರವನ್ನು ಬಳಸಿ ದಾಟುವ ಮೊದಲ ದೊಡ್ಡ ಪ್ರಯತ್ನ ನಡೆದದ್ದು 1950ರಲ್ಲಿ. ಆ ವರ್ಷ ಜೂನ್‌ನಲ್ಲಿ ಕೊರಿಯಾ ಯುದ್ಧ ಆರಂಭವಾದಾಗ ಭದ್ರತಾ ಮಂಡಳಿಯ ಅಧ್ಯಕ್ಷ ಪೀಠದಲ್ಲಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್. ನಮ್ಮ ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಅವರು ಆಗ ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿ. ಸೋವಿಯತ್ ಪ್ರತಿನಿಧಿ ಸಭೆ ಬಹಿಷ್ಕರಿಸಿದ್ದರಿಂದ ಮಂಡಳಿ ಬೇಗನೆ ತೀರ್ಮಾನ ಕೈಗೊಂಡಿತು. ಆಗಸ್ಟ್‌ನಲ್ಲಿ ಆ ಪ್ರತಿನಿಧಿ ಮರಳಿದೊಡನೆ ಕೆಲಸ ನಿಂತಿತು. ಆಗ ಅಮೆರಿಕದ ಮುಂದಾಳುತನದಲ್ಲಿ, ವೀಟೊದಿಂದ ಮಂಡಳಿ ಕೈಕಟ್ಟಿ ಕುಳಿತರೆ ವಿಷಯವನ್ನು ಎಲ್ಲ ದೇಶಗಳೂ ಇರುವ ಮಹಾಸಭೆಗೆ ಒಯ್ಯಬಹುದೆಂಬ ‘ಶಾಂತಿಗಾಗಿ ಒಗ್ಗಟ್ಟು’ ನಿರ್ಣಯ ಬಂತು. ನವೆಂಬರ್ 3ರಂದು 52 ದೇಶಗಳು ಅದನ್ನು ಬೆಂಬಲಿಸಿದವು, 5 ವಿರೋಧಿಸಿದವು. ಭಾರತ ಮತ್ತು ಅರ್ಜೆಂಟೀನಾ ಮಾತ್ರ ತಟಸ್ಥವಾಗಿ ಉಳಿದವು.

21 ವರ್ಷಗಳ ನಂತರ ಅದೇ ನಿರ್ಣಯ ಭಾರತದ ಮುಂದೆಯೇ ಬಂದು ನಿಂತಿತು. 1971ರ ಮಾರ್ಚ್ 25ರ ರಾತ್ರಿ ಢಾಕಾದಲ್ಲಿ ಪಾಕಿಸ್ತಾನದ ಸೇನೆ ದಮನ ಆರಂಭಿಸಿತು. ಸುಮಾರು ಒಂದು ಕೋಟಿ ಜನ ಭಾರತಕ್ಕೆ ಓಡಿಬಂದರು. ಜುಲೈನಲ್ಲಿ ಮಹಾಕಾರ್ಯದರ್ಶಿ ಊ ಥಾಂಟ್ ಮಂಡಳಿಯನ್ನು ಎಚ್ಚರಿಸಿದರು. ಆದರೂ ಡಿಸೆಂಬರ್ 4ರವರೆಗೆ ಮಂಡಳಿ ಈ ವಿಷಯಕ್ಕಾಗಿ ಒಮ್ಮೆಯೂ ಸೇರಲಿಲ್ಲ. ಭಾರತ ಮತ್ತು ಪಾಕಿಸ್ತಾನಗಳ ನಡುವೆ ಯುದ್ಧ ಹೊತ್ತಿಕೊಂಡ ಮೇಲಷ್ಟೇ ಅದಕ್ಕೆ ಎಚ್ಚರವಾಯಿತು. ಕದನ ನಿಲ್ಲಿಸಿ ಸೇನೆ ಹಿಂತೆಗೆದುಕೊಳ್ಳಿ ಎಂಬ ಗೊತ್ತುವಳಿಗಳನ್ನು ಸೋವಿಯತ್ ಒಕ್ಕೂಟ ಮೂರು ಬಾರಿ ವೀಟೊ ಮಾಡಿತು. ಮೊದಲ ಎರಡು ವೀಟೊಗಳ ನಂತರ ವಿಷಯ 1950ರ ದಾರಿಯಲ್ಲೇ ಮಹಾಸಭೆಗೆ ಹೋಯಿತು. ಅಲ್ಲಿ 104 ದೇಶಗಳು ಕದನವಿರಾಮ ಕೇಳಿದವು, ಭಾರತದ ಪರ ನಿಂತದ್ದು ಕೇವಲ 10. ಮಹಾಸಭೆಯ ಮಾತು ಶಿಫಾರಸು ಮಾತ್ರ. ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕ್ ಸೇನೆ ಶರಣಾಯಿತು. ಮರುವರ್ಷ ಹೊಸ ಬಾಂಗ್ಲಾದೇಶದ ಸದಸ್ಯತ್ವಕ್ಕೆ ಚೀನಾ ವೀಟೊ ಹಾಕಿತು. ಅದು ಒಳಗೆ ಬರಲು 1974 ಆಗಬೇಕಾಯಿತು.

ಹೀಗೆ ಒಂದೇ ಆಯುಧ ಎರಡು ಕಡೆಗೂ ತಿರುಗಿತು. ಡಿಸೆಂಬರಿನ ವೀಟೊಗಳು ಹತ್ಯೆ ನಡೆಸಿದ ಸೇನೆಯ ಸೋಲಿಗೆ ದಾರಿ ಬಿಟ್ಟವು. ಆದ್ದರಿಂದ ವೀಟೊ ಎಂದರೆ ಸದಾ ಕೇಡು ಎನ್ನಲಾಗದು. ಆದರೆ ಅದಕ್ಕೂ ಮುಂಚಿನ ಎಂಟು ತಿಂಗಳ ಮೌನವೇ ದೊಡ್ಡ ಅಪರಾಧ. ಆ ಮೌನದಲ್ಲಿ ಯಾರೂ ವೀಟೊ ಹಾಕಬೇಕಾಗಿ ಬರಲಿಲ್ಲ. ದೊಡ್ಡವರ ಮನಸ್ಸು ಗೊತ್ತಿದ್ದರೆ ಗೊತ್ತುವಳಿ ಮೇಜಿಗೇ ಬರುವುದಿಲ್ಲ. 1994ರಲ್ಲಿ ರುವಾಂಡಾದಲ್ಲಿ ನೂರು ದಿನಗಳಲ್ಲಿ ಲಕ್ಷಾಂತರ ಜನ ಸತ್ತಾಗಲೂ ಮಂಡಳಿಯನ್ನು ತಡೆದದ್ದು ವೀಟೊ ಮತವಲ್ಲ, ಮನಸ್ಸಿಲ್ಲದಿರುವಿಕೆ.

ಸಿರಿಯಾದ ವಿಷಯದಲ್ಲಿ ಮತ ನೇರವಾಗಿಯೇ ಬಿತ್ತು. ಅಲ್ಲಿನ ಅಪರಾಧಗಳನ್ನು ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯಕ್ಕೆ ಒಪ್ಪಿಸುವ ಗೊತ್ತುವಳಿಯನ್ನು 2014ರ ಮೇನಲ್ಲಿ ರಷ್ಯಾ ಮತ್ತು ಚೀನಾ ತಡೆದವು. 2023ರಿಂದೀಚೆಗೆ ಗಾಜಾದ ಕದನವಿರಾಮದ ಗೊತ್ತುವಳಿಗಳನ್ನು ಅಮೆರಿಕ ಹಲವು ಬಾರಿ ತಡೆದಿದೆ.

ಸನ್ನದನ್ನು ತಿದ್ದಲು ಆ ಐವರ ಒಪ್ಪಿಗೆಯೇ ಬೇಕು. ಹಾಗಾಗಿ ವೀಟೊ ತೆಗೆಯುವ ಬದಲು ಅದಕ್ಕೆ ಮೂಗುದಾರ ಹಾಕುವ ಯತ್ನಗಳು ನಡೆದಿವೆ. ಸಾಮೂಹಿಕ ಹತ್ಯೆಯ ಸಂದರ್ಭದಲ್ಲಿ ಕಾಯಂ ಸದಸ್ಯರು ತಾವಾಗಿಯೇ ವೀಟೊ ಬಿಡಬೇಕೆಂದು 2015ರಲ್ಲಿ ಫ್ರಾನ್ಸ್ ಮತ್ತು ಮೆಕ್ಸಿಕೊ ಕರೆಕೊಟ್ಟವು. ಅದೇ ವರ್ಷ ಸಣ್ಣ ದೇಶಗಳ ಒಂದು ಗುಂಪು ರೂಪಿಸಿದ ನೀತಿ ಸಂಹಿತೆ, ಕಾಲ ಮೀರುವ ಮುನ್ನ ಕ್ರಮ ಕೈಗೊಳ್ಳುವ ಹೊಣೆಯನ್ನೂ ಸೇರಿಸಿತು. 2022ರ ಏಪ್ರಿಲ್‌ನಿಂದ ವೀಟೊ ಬಿದ್ದ ಹತ್ತು ಕೆಲಸದ ದಿನಗಳೊಳಗೆ ಮಹಾಸಭೆ ಸೇರಿ ಚರ್ಚಿಸುತ್ತದೆ. ಯಾರಿಗೂ ಶಿಕ್ಷೆಯಿಲ್ಲ, ಆದರೆ ಉತ್ತರ ಹೇಳುವ ಸಂದರ್ಭ ತಪ್ಪುವುದಿಲ್ಲ.

ಭಾರತದ ನಿಲುವು ಬೇರೆ: ವೀಟೊ ಇರುವವರೆಗೆ ಹೊಸ ಕಾಯಂ ಸದಸ್ಯರಿಗೂ ಅದು ಸಿಗಬೇಕು. ಸಮಾನತೆಯ ದೃಷ್ಟಿಯಿಂದ ಇದರಲ್ಲಿ ನ್ಯಾಯವಿದೆ. ಆದರೆ ತಡೆಯುವ ಕೈಗಳು ಹೆಚ್ಚಿದರೆ 1971ರ ಆ ಎಂಟು ತಿಂಗಳಂಥ ಕಾಲ ಮತ್ತೆ ಬಂದಾಗ ಮಂಡಳಿ ಬೇಗ ಸೇರೀತೆ? ಮನೆಮಠ ಬಿಟ್ಟು ಓಡುವವರ ಕಡೆಯಿಂದ ನೋಡಿದರೆ ಕೇಳಬೇಕಾದ ಪ್ರಶ್ನೆ ಅದೇ.