ಹರಿಹರದಿಂದ ಹಾವೇರಿಗೆ: ಮೀಟರ್‌ಗೇಜ್ ಕಾಲದ ನಿಲ್ದಾಣಗಳು

ಹರಿಹರದಲ್ಲಿ ತುಂಗಭದ್ರೆಯನ್ನು ದಾಟಿ ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ಹಾದು ಹುಬ್ಬಳ್ಳಿ ಸೇರುವ ರೈಲುಹಾದಿಯ ಮೂಲ ಇರುವುದು ಬರಗಾಲದಲ್ಲಿ. 1876–78ರ ಭೀಕರ ಬರ ಧಾರವಾಡ ಜಿಲ್ಲೆಯ ಊರುಗಳನ್ನು ಬರಿದು ಮಾಡಿತ್ತು. ಬೇರೆ ಸೀಮೆಯಲ್ಲಿ ಕಾಳು ಸಿಕ್ಕರೂ ತರುವುದು ಕಷ್ಟವಾಗಿತ್ತು. ಮೇವು ನೀರಿಲ್ಲದೆ ಎತ್ತುಗಳೇ ಸಾಯುತ್ತಿದ್ದಾಗ ಚಕ್ಕಡಿ ಹೂಡುವುದಾದರೂ ಹೇಗೆ? ಬರದ ಸೀಮೆಗೆ ಧಾನ್ಯ ಬೇಗ ಮುಟ್ಟಬೇಕೆಂಬ ಕಾರಣದಿಂದ ಹಾಕಿದ ಮಾರ್ಗಗಳ ಹೊಣೆ ಹೊತ್ತು 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಹುಬ್ಬಳ್ಳಿಯಲ್ಲಿ 1885ರಲ್ಲಿ ಅದರ ಕಾರ್ಯಾಗಾರ ಆರಂಭವಾಯಿತು. ಅದೇ ದಶಕದ ಉತ್ತರಾರ್ಧದಲ್ಲಿ ಹುಬ್ಬಳ್ಳಿ–ಹರಿಹರ ಮಾರ್ಗ ಸಿದ್ಧವಾಗಿ, 1889ರಲ್ಲಿ ಹರಿಹರ–ಬೆಂಗಳೂರು ಸಂಪರ್ಕ ಪೂರ್ಣಗೊಂಡಿತು. ಆಗ ಹೊಳೆಯ ಆಚೆ ದಡ ಮೈಸೂರು ಸಂಸ್ಥಾನ, ಈಚೆ ದಡ ಮುಂಬೈ ಪ್ರಾಂತ. ಎರಡು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರನ್ನು ಕರ್ನಾಟಕ ಏಕೀಕರಣಕ್ಕೆ ಸುಮಾರು ಏಳು ದಶಕ ಮೊದಲೇ ಈ ಹಳಿ ದಿನನಿತ್ಯ ಕೂಡಿಸುತ್ತಿತ್ತು. ಏಕೀಕರಣದ ಚರಿತ್ರೆಯಲ್ಲಿ ಈ ಸಂಗತಿಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ರೈಲು ಬರುವ ಮೊದಲು ಈ ಎರೆಹೊಲಗಳ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗಿ, ಅಲ್ಲಿಂದ ಹಡಗಿನಲ್ಲಿ ಮುಂಬೈ ಸೇರುತ್ತಿತ್ತು. ಬೆಳೆದದ್ದು ಧಾರವಾಡ ಸೀಮೆಯಲ್ಲಾದರೂ ಮುಂಬೈ ಪೇಟೆಯಲ್ಲಿ ಅದು ‘ಕುಮಟಾ ಹತ್ತಿ’ ಎಂದೇ ಹೆಸರಾಗಿತ್ತು. ರೈಲು ಬಂದ ಮೇಲೆ ಹತ್ತಿಯ ಅಂಡಿಗೆಗಳು ಚಕ್ಕಡಿಯಲ್ಲಿ ಹತ್ತಿರದ ನಿಲ್ದಾಣದವರೆಗೆ ಬಂದರೆ ಸಾಕಾಯಿತು. ಲೋಂಡಾ ದಾಟಿ ಮುರ್ಮಗೋವಾ ಬಂದರಿಗೂ ಹಳಿ ಬಿದ್ದ ಮೇಲೆ ಕುಮಟೆಯ ವ್ಯಾಪಾರ ಇಳಿಯಿತು. ರಾಣೆಬೆನ್ನೂರು, ಹಾವೇರಿಯಂಥ ಪೇಟೆಗಳ ಬಲ ಹೆಚ್ಚಿತು.

ಹರಿಹರದಿಂದ ಬಡಗಲಿಗೆ ಕುಮಾರಪಟ್ಟಣ, ಚಳಗೇರಿ, ರಾಣೆಬೆನ್ನೂರು, ದೇವರಗುಡ್ಡ, ಬ್ಯಾಡಗಿ, ಹಾವೇರಿ ಎಂದು ನಿಲ್ದಾಣಗಳು ಸಾಲಾಗಿ ಬರುತ್ತವೆ. ಹಾವೇರಿ ಏಲಕ್ಕಿಯ ಪೇಟೆ; ಮಲೆನಾಡಿನಿಂದ ಬಂದ ಏಲಕ್ಕಿಯನ್ನು ತೊಳೆದು ಹದಮಾಡುವ ಕಸುಬು ಅಲ್ಲಿತ್ತು, ಏಲಕ್ಕಿ ಹಾರದ ಹೆಸರು ಇಂದಿಗೂ ಉಳಿದಿದೆ. ಖಾರ ಕಡಿಮೆ, ಬಣ್ಣ ಗಾಢವಾದ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ದೇವರಗುಡ್ಡಕ್ಕೆ ಹೆಸರು ತಂದದ್ದು ವ್ಯಾಪಾರವಲ್ಲ, ಅಲ್ಲಿನ ದೇವರು ಮಾಲತೇಶ. ದಸರೆಯ ಹೊತ್ತಿಗೆ ನಡೆಯುವ ಕಾರಣಿಕಕ್ಕೆ, ಅಂದರೆ ದೈವದ ಭವಿಷ್ಯನುಡಿಗೆ, ಸುತ್ತಲಿನ ಜಿಲ್ಲೆಗಳ ಭಕ್ತರು, ಕಂಬಳಿ ಹೊದ್ದ ಗೊರವರು ಅಲ್ಲಿ ಸೇರುತ್ತಾರೆ.

ರಾಣೆಬೆನ್ನೂರು ತಾಲೂಕಿನ ಹಲಗೇರಿಯಂಥ ಹಳ್ಳಿಗಳ ಮಕ್ಕಳಿಗೆ ‘ಟೇಶನ್’ ಎಂದರೆ ಊರ ಹೊರಗಿನ ಬೇರೆಯೇ ಲೋಕ. ಮೀಟರ್‌ಗೇಜ್ ಕಾಲದಲ್ಲಿ ಬಾಲ್ಯ ಕಳೆದವರ ನೆನಪುಗಳಲ್ಲಿ ಕೆಲವು ಸಂಗತಿಗಳು ಮತ್ತೆ ಮತ್ತೆ ಬರುತ್ತವೆ. ತೂಗುಹಾಕಿದ ಹಳಿಯ ತುಂಡಿಗೆ ಬಡಿದರೆ ಗಂಟೆ. ದೂರದಲ್ಲಿ ಕೈಮರ ಬಿತ್ತೆಂದರೆ ಗಾಡಿ ಬರುವುದು ಖಚಿತ. ಆಗ ಹಳಿಗೆ ಕಿವಿಯಿಟ್ಟು ಸದ್ದು ಕೇಳುವ ಹುಡುಗರನ್ನು ಗದರಿಸಿ ಓಡಿಸುವುದೂ ನಿಲ್ದಾಣದವರ ಕೆಲಸವೇ ಆಗಿತ್ತು. ಟಿಕೀಟು ದಪ್ಪ ರಟ್ಟಿನದು. ಕಿಂಡಿಯ ಒಳಗಿನ ಯಂತ್ರದಲ್ಲಿ ಅದನ್ನು ತೂರಿಸಿ ‘ಟಕ್’ ಎಂದು ತಾರೀಖು ಒತ್ತಿ ಕೊಡುತ್ತಿದ್ದರು. ಇಂಗ್ಲೆಂಡಿನ ಥಾಮಸ್ ಎಡ್ಮಂಡ್ಸನ್ 1830ರ ದಶಕದಲ್ಲಿ ರೂಪಿಸಿದ ಈ ಟಿಕೀಟು ಹಳ್ಳಿಯ ಮಕ್ಕಳ ಕೈಯಲ್ಲಿ ಆಟದ ಸಾಮಾನೂ ಆಗುತ್ತಿತ್ತು.

ಓಡುವ ಗಾಡಿಗೆ ಎತ್ತಿ ಕೊಡುತ್ತಿದ್ದ, ಮಕ್ಕಳು ಬಾಯಿಬಿಟ್ಟು ನೋಡುತ್ತಿದ್ದ ದೊಡ್ಡ ಬಳೆಯ ಹಿಂದೆ ಒಂದು ಗಟ್ಟಿ ವ್ಯವಸ್ಥೆಯಿತ್ತು. ಇದ್ದದ್ದು ಒಂಟಿ ಹಳಿ. ಎದುರುಬದುರು ಗಾಡಿಗಳು ಒಂದೇ ಹಾದಿಗೆ ಬಂದರೆ ಅನಾಹುತ. ಅದಕ್ಕಾಗಿ ಎರಡು ನಿಲ್ದಾಣಗಳ ನಡುವಿನ ಹಾದಿಗೆ ಒಂದು ಹೊತ್ತಿಗೆ ಒಂದೇ ಟೋಕನ್ ಹೊರಬರುವಂತೆ ಯಂತ್ರಗಳನ್ನು ತಂತಿಯಿಂದ ಬೆಸೆದಿದ್ದರು. ಟೋಕನ್ ಕೈಗೆ ಬಾರದೆ ಡ್ರೈವರ್ ಮುಂದೆ ಹೋಗುವಂತಿಲ್ಲ. ಬಳೆಗೆ ಕಟ್ಟಿದ ಚೀಲದಲ್ಲಿ ಅದನ್ನಿಟ್ಟು, ನಿಲ್ಲದೆ ಸಾಗುವ ಗಾಡಿಗೂ ರೈಲ್ವೆ ನೌಕರ ಎತ್ತಿ ಹಿಡಿಯುತ್ತಿದ್ದ; ಹಿಂದಿನ ನಿಲ್ದಾಣದ ಬಳೆಯನ್ನು ಇಂಜಿನ್ನಿನವರು ಕೆಳಗೆ ಬಿಡುತ್ತಿದ್ದರು. ರಾತ್ರಿ, ಮಳೆ ಎನ್ನದೆ ಈ ಕೆಲಸ ಮಾಡಿದವರ ಹೆಸರುಗಳು ಯಾವ ಫಲಕದಲ್ಲೂ ಇಲ್ಲ. ಸಾವಿರಾರು ಜೀವಗಳು ಮಾತ್ರ ಅವರ ಕೈಯಲ್ಲಿದ್ದವು.

ಆಡಳಿತ ಹಲವು ಸಲ ಕೈ ಬದಲಾಯಿತು. 1908ರಲ್ಲಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ, 1951ರಲ್ಲಿ ದಕ್ಷಿಣ ರೈಲ್ವೆ, 2003ರಿಂದ ಹುಬ್ಬಳ್ಳಿಯಲ್ಲೇ ಕೇಂದ್ರ ಕಚೇರಿ ಇರುವ ನೈಋತ್ಯ ರೈಲ್ವೆ. ಪ್ರಯಾಣಿಕರಿಗೆ ನಿಜವಾದ ಬದಲಾವಣೆ ಕಂಡದ್ದು 1990ರ ದಶಕದಲ್ಲಿ, 1,000 ಮಿಲಿಮೀಟರಿನ ಹಳಿ ಕಿತ್ತು 1,676 ಮಿಲಿಮೀಟರಿನ ಬ್ರಾಡ್‌ಗೇಜ್ ಹಾಕಿದಾಗ. ಆಮೇಲೆ ಜೋಡಿಹಳಿ, ವಿದ್ಯುತ್ ತಂತಿ ಬಂದವು. ವೇಗದ ಗಾಡಿಗಳು ಹೆಚ್ಚಿದವು, ಆದರೆ ಅವುಗಳಲ್ಲಿ ಹೆಚ್ಚಿನವು ಸಣ್ಣ ನಿಲ್ದಾಣಗಳಲ್ಲಿ ನಿಲ್ಲುವುದಿಲ್ಲ.

ಹಾವೇರಿ ನಿಲ್ದಾಣಕ್ಕೆ ಈಗ ಮೈಲಾರ ಮಹಾದೇವಪ್ಪನವರ ಹೆಸರಿದೆ. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಈ ಯುವಕ 1930ರ ದಂಡಿಯಾತ್ರೆಯಲ್ಲಿ ಗಾಂಧೀಜಿಯವರೊಂದಿಗೆ ನಡೆದು, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದರು. ಈ ಸೀಮೆಯ ನಿಲ್ದಾಣಕ್ಕೆ ಇದಕ್ಕಿಂತ ಒಪ್ಪುವ ಹೆಸರಿಲ್ಲ. ಹಳೆಯ ರೈಲ್ವೆ ಸಾಮಾನುಗಳಿಗೆ 2020ರಲ್ಲಿ ತೆರೆದ ಹುಬ್ಬಳ್ಳಿಯ ರೈಲು ವಸ್ತುಸಂಗ್ರಹಾಲಯದಲ್ಲಿ ಜಾಗ ಸಿಕ್ಕಿದೆ; ಅಲ್ಲಿ ಮಲಪ್ರಭಾ, ಘಟಪ್ರಭಾ ಎಂಬ ಎರಡು ಹಳೆಯ ಮನೆಗಳಲ್ಲಿ ಅವುಗಳನ್ನು ನೋಡಬಹುದು.